ಸಂಪಾದಕರು ಮುಖ ತಿರುಗಿಸಿದ್ದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಅರವತ್ತು ದಾಟಿದವನನ್ನು ಹೀಗೆ ಕರೆದರೆ ನಿನ್ನ ಓದುಗರು ನಕ್ಕಾರು, ನಗಲಿ ಬಿಡು. ನಿನ್ನ ಆತ್ಮಕಥೆಯ ಕರಡಚ್ಚು ತಲುಪಿ ವಾರವಾಯಿತು. ಓದುತ್ತ ಓದುತ್ತ ಕಣ್ಣು ಮುಚ್ಚಿದರೆ, ನೀನು ಕೆಲಸಕ್ಕಿದ್ದ ಪತ್ರಿಕೆಯ ಮಹಡಿಯಲ್ಲಿ ನಾವಿಬ್ಬರೂ ಇದ್ದ ಕೋಣೆಗೇ ಹೋಗಿಬಿಡುತ್ತೇನೆ. ಕೆಳಗೆ ಅಚ್ಚಿನ ಯಂತ್ರ ಓಡುವಾಗ ಮಂಚ, ಮೇಜು, ಗೋಡೆಯ ಕನ್ನಡಿ ಎಲ್ಲವೂ ಸಣ್ಣಗೆ ನಡುಗುತ್ತಿದ್ದವಲ್ಲ? ಎಚ್ಚರವಾದಾಗ ಇಲ್ಲಿ ಯಾವುದೂ ನಡುಗುವುದಿಲ್ಲ. ಅದೇ ವಿಚಿತ್ರ ಅನಿಸುತ್ತದೆ.

ನನ್ನನ್ನು ಒಳ್ಳೆಯ ಅಡುಗೆಯವಳು ಎಂದು ಬರೆದಿದ್ದೀಯ. ಅಷ್ಟು ದೊಡ್ಡ ಸುಳ್ಳು ಬೇಡವಿತ್ತು ಮಾರಾಯ.

ಏಳನೆಯ ಅಧ್ಯಾಯದ ಹತ್ತಿರ ಮಾತ್ರ ನಿಂತುಬಿಟ್ಟೆ. ನಿಜ ಬರೆದ ತಪ್ಪಿಗೆ ಸಂಪಾದಕರನ್ನು ತೆಗೆಯಲು ಹೊರಟ ಮಾಲೀಕರು, ಅವರು ಬರೆದದ್ದೆಲ್ಲ ಸುಳ್ಳು ಎಂಬ ಹೇಳಿಕೆಗೆ ಎಲ್ಲರ ಸಹಿ ಕೇಳಿದರು. "ನಾನೊಬ್ಬ ಹಾಕಲಿಲ್ಲ" ಎಂದು ಬರೆದಿದ್ದೀಯ. ಆಗ ಜ್ವರದಲ್ಲಿ ಮಲಗಿದ್ದ ನೀನು ಅದು ಇಳಿದ ದಿನವೇ, ಕೆಳಗಿನ ಕಚೇರಿಗೆ ಕಾಲಿಡದೆ ರಾಜೀನಾಮೆ ಕಳಿಸಿ ಸಂಪಾದಕರ ಮನೆಗೆ ಓಡಿದೆ. ಅವರು ಮುಖ ತಿರುಗಿಸಿ ಬಾಗಿಲು ಹಾಕಿಕೊಂಡರು. ಸಾಯುವವರೆಗೂ ಮಾತಾಡಲಿಲ್ಲ. ತಂದೆಯಂತಿದ್ದವರು ಹಾಗೇಕೆ ಮಾಡಿದರೋ ತಿಳಿಯದೆ ಹೋದದ್ದೇ ನನ್ನ ಬದುಕಿನ ಸೋಲು ಎಂದು ಅಧ್ಯಾಯ ಮುಗಿಸಿದ್ದೀಯ.

ಯಾಕೆಂದು ನನಗೆ ಗೊತ್ತು. ಅವರ ಕೈಗೆ ಸಿಕ್ಕ ಹೇಳಿಕೆಯಲ್ಲಿ ನಿನ್ನ ಸಹಿ ಇತ್ತು.

ಗಾಬರಿಯಾಗಬೇಡ, ಕೂತು ಓದು. ಜ್ವರದ ಮೂರನೆಯ ದಿನ ಪತ್ರಿಕೆಯ ಮ್ಯಾನೇಜರ್ ನಮ್ಮ ಕೋಣೆಗೇ ಬಂದಿದ್ದರು. ಪರದೆಯಿಂದ ಸೋಸಿ ಬಂದ ಹಳದಿ ಬೆಳಕಿನಲ್ಲಿ ಎಲ್ಲವೂ ನಿಧಾನವಾಗಿತ್ತು. ನೀನು ಅಲ್ಲಿಲ್ಲದ ಯಾರೊಂದಿಗೋ ಮಾತಾಡುತ್ತಿದ್ದೆ. ಸಹಿ ಹಾಕದವರನ್ನು ನಾಳೆ ಪೊಲೀಸರು ಕರೆದೊಯ್ಯುತ್ತಾರೆ ಎಂದು ಅವರು ಆರೋಗ್ಯ ವಿಚಾರಿಸುವ ದನಿಯಲ್ಲೇ ಹೇಳಿದರು. ಆ ಮೈಬಿಸಿಯಲ್ಲಿ ನಿನ್ನನ್ನು ಎಬ್ಬಿಸಿ ಒಯ್ದಿದ್ದರೆ ನೀನು ಉಳಿಯುತ್ತಿರಲಿಲ್ಲ. ನಿನ್ನ ಕೈಗೆ ಪೆನ್ನು ಕೊಟ್ಟರು. ಜ್ವರದ ಕೈ ಏನು ಬರೆದರೂ ಅದಕ್ಕೆ ಯಾರು ಹೊಣೆ?

ಎಚ್ಚರವಾದಾಗ ನಿನಗೆ ಮ್ಯಾನೇಜರ್ ಬಂದದ್ದು ಕನಸಿನಂತೆ ನೆನಪಿತ್ತು. "ಅಕ್ಕಾ, ನಾನು ಸಹಿ ಹಾಕಿಲ್ಲ ತಾನೆ?" ಅಂದೆ. ನಾನು ಇಲ್ಲ ಅಂದೆ. ನಿನ್ನ ಮುಖ ಎಷ್ಟು ಅರಳಿತೆಂದರೆ, ಆಮೇಲೆ ಬಾಯಿ ಬಿಡುವ ಧೈರ್ಯ ನನಗೆ ಬರಲೇ ಇಲ್ಲ.

ಅಚ್ಚಿಗೆ ಹೋಗುವ ಮೊದಲು, ಸಹಿ ಹಾಕಲಿಲ್ಲ ಎಂಬ ಆ ಸಾಲನ್ನು ತಿದ್ದು. ಸಂಪಾದಕರ ಮಗಳ ಹತ್ತಿರ ಆ ಕಾಗದ ಇನ್ನೂ ಇರಬಹುದು. ನಿನ್ನನ್ನು ಯಾರಾದರೂ ಸುಳ್ಳುಗಾರ ಅಂದರೆ ನನಗೆ ತಡೆಯಲಾಗದು.

ನಿನ್ನ ಕ್ಷೇಮವನ್ನೇ ಬಯಸಿದ,
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ನಿನ್ನ ಕೈಗೆ ಪೆನ್ನು ಕೊಟ್ಟದ್ದು ನಿಜ. ನೀನು ಅದನ್ನು ಎಸೆದೆ, ಎರಡು ಸಲ. "ಸಂಪಾದಕರು ಬರೆದಿದ್ದು ನಿಜ" ಅಂದೆ. ಚಿಕ್ಕವನಿದ್ದಾಗ ಕೈಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನು. ನಿನ್ನ ಸಹಿ ಹಾಕುವುದು ನನಗೆ ಕಷ್ಟವಾಗಲಿಲ್ಲ. ಆ ಸಾಲನ್ನು ತಿದ್ದಬೇಡ. ಅದರ ಕೆಳಗೆ ಇದನ್ನು ಸೇರಿಸು, ನನ್ನ ಹೆಸರು ಹಾಕಿಯೇ.