ಟಾಕಿಯೊಳಗಿನ ಗಾಳಿ

ಸವಣೂರು
16-11-2025

ಪ್ರೀತಿಯ ನಮ್ಮ ಮನೆಯವರಿಗೆ,

ಹಲ್ಲುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಇಲ್ಲ ಚಹಾ ಕುಡಿದೇ ದಿನ ತಳ್ಳುತ್ತೀರೋ? ಫೋನು ಬಂದ್ ಮಾಡಿಕೊಂಡು ಕುಳಿತವರನ್ನು ಕೇಳುವುದಾದರೂ ಹೇಗೆ, ಅದಕ್ಕೇ ಈ ಪತ್ರ. ಅತ್ತೆಯವರು ಆರಾಮ ಇದ್ದಾರೆ. ನೀವು ಕೆಲಸದ ಮೇಲೆ ಮಿರಜಿಗೆ ಹೋಗಿದ್ದೀರಿ ಎಂದು ಅವರಿಗೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ.

ನೀವು ತಂದ ಕಾರ್ಖಾನೆಯ ಎಣ್ಣೆ ಬಾಟಲಿ ಒಲೆಯ ಪಕ್ಕದಲ್ಲೇ ಇದೆ. ಸೂಪರ್‌ವೈಸರ್ ಆದ ಹೊಸದರಲ್ಲಿ ಎಷ್ಟು ಬೀಗಿದ್ದಿರಿ! “ಯೀಸ್ಟ್ ಅಂತಾರ, ಕಣ್ಣಿಗೆ ಕಾಣಂಗಿಲ್ಲ. ಗೋವಿನಜೋಳದ ಸಕ್ಕರಿ ತಿಂದು ಮೈಯಾಗ ಎಣ್ಣಿ ತುಂಬಕೋತಾವ. ಎದಿಗೆ ಚಲೋ ಎಣ್ಣಿ ನೋಡ ಇದು.” ನನ್ನ ಒಗ್ಗರಣೆಗೆ ಸದಾ ಹೆಸರಿಡುವವರು ಅವತ್ತು ಎರಡು ರೊಟ್ಟಿ ಹೆಚ್ಚು ತಿಂದಿರಿ. ಈಗ ಆ ಮುಚ್ಚಳ ತೆಗೆಯಲು ನನಗೆ ಕೈ ಬರುವುದಿಲ್ಲ. ಆ ಯೀಸ್ಟ್ ಉಸಿರು ಬಿಟ್ಟ ಕೆಟ್ಟ ಗಾಳಿಯೇ ಅದನ್ನು ಬೆಳೆಸುವ ದೊಡ್ಡ ಟಾಕಿಯಲ್ಲಿ ತುಂಬಿತ್ತಲ್ಲ. ಖಾಲಿ ಟಾಕಿ ತೊಳೆಯಲು ಇಳಿದ ನಿಮ್ಮ ಕೈಕೆಳಗಿನ ಹುಡುಗ ಅಂಬರೀಶ ಮೇಲೆ ಬರಲಿಲ್ಲ.

ನಿನ್ನೆ ಹಿರೇಕೆರೂರಿಗೆ, ಅವನ ಮನೆಗೆ ಹೋಗಿದ್ದೆ. ಅವನ ತಾಯಿ ಶಂಕ್ರವ್ವ ನನ್ನ ಕೈ ಹಿಡಿದು, “ಜ್ವಾಳದ ಹಗೇವು ತೆಗದ್ರ ಗಾಳಿ ಆಡಾಕ ಬಿಡ್ತೇವಿ, ದೀಪಾ ಇಳಿಸಿ ನೋಡ್ತೇವಿ. ನನ್ನ ಮಗನ್ನ ಇಳಿಸೂ ಮುಂದ ಯಾರಿಗೂ ನೆನಪಾಗಲಿಲ್ಲೇನವಾ?” ಎಂದಳು. ನಮ್ಮ ನೆಲದಡಿಯ ಜೋಳದ ಹಗೇವಿನಲ್ಲಿ ದೀಪ ಆರಿದರೆ ನೀವು ಬೆಕ್ಕನ್ನೂ ಹತ್ತಿರ ಬಿಡುವವರಲ್ಲ. ಸ್ಟೀಲಿನ ಟಾಕಿ ಎಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಯಿತು? ಗಾಳಿ ನೋಡುವ ಯಂತ್ರ ಕೆಟ್ಟಿತ್ತು ಎಂದಿರಿ. ಮನೆಯಲ್ಲಿ ಯಾವ ಯಂತ್ರ ಇತ್ತು? ನಿಮ್ಮ ಮೇಲೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಕಾರ್ಖಾನೆಯ ವಾಚ್‌ಮನ್ ಗೋಣೆಪ್ಪ ಕಾಕಾನನ್ನು ಪೊಲೀಸರು ಒಳಗೆ ಹಾಕಿದ್ದಾರೆ. ಟಾಕಿ ತೆರೆದು ಅಂಬರೀಶನನ್ನು ಇಳಿಸಿದ್ದು ತಾನೇ ಎಂದು ಒಪ್ಪಿಕೊಂಡಿದ್ದಾನಂತೆ. ಹೆಗಲ ಮೇಲೆ ಹೊತ್ತು ಬೆಳೆಸಿದ ನಿಮ್ಮನ್ನು ಹಿಡಿದುಕೊಡಲು ಅವನಿಗೆ ಮನಸ್ಸಿಲ್ಲ. ಆದರೆ ಊರು ಬಿಟ್ಟು ಹೋಗುವ ಮುನ್ನ ನೀವು ನಮ್ಮ ಮನೆಯ ಬಾಗಿಲಲ್ಲಿ ನಿಂತು, “ಏನೂ ಆಗಂಗಿಲ್ಲ, ಇಳಿ ಅಂತ ನಾನಽ ಅಂದೆ” ಎಂದದ್ದನ್ನು ಕೇಳಿದವಳು ನಾನು. ಮುದುಕ ಅಲ್ಲಿ ಕುಳಿತಿರುವಾಗ ನನಗೆ ತುತ್ತು ಇಳಿಯುವುದಿಲ್ಲ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ನಾಗರತ್ನಾ

ತಾ.ಕ.: ಪತ್ರ ತಂದ ನಮ್ಮ ಅಣ್ಣ ನೀವು ಓದುವ ತನಕ ಅಲ್ಲೇ ಇರುತ್ತಾನೆ. ಅವನ ಜೊತೆ ಬನ್ನಿ, ಇಬ್ಬರೂ ಶಿಗ್ಗಾಂವ ಠಾಣೆಗೆ ಹೋಗೋಣ. ಬರದಿದ್ದರೆ ಗುರುವಾರ ನಾನೊಬ್ಬಳೇ ಹೋಗುತ್ತೇನೆ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಠಾಣೆಯಲ್ಲಿ ಹೇಳುತ್ತೇನೆ.