ಗಂಡಸರಿಗೆ ಇಳಿಸಿದ ಶ್ರುತಿ

ಮೇಷ್ಟ್ರೇ,

‘ಪೂಜ್ಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ನೀವು ತೀರಿಕೊಂಡು ಆರು ವರ್ಷವಾಯಿತು. ಹಾಸನದ ನನ್ನ ಮನೆಯಲ್ಲಿ ಮಕ್ಕಳಿಗೆ ರಂಗಗೀತೆಯ ಪಾಠ ಆರಂಭಿಸುವ ಮುನ್ನ ನಿಮ್ಮ ಭಾವಚಿತ್ರಕ್ಕೆ ಕೈಮುಗಿಯದ ದಿನವಿರಲಿಲ್ಲ. ಈಗ ಎರಡು ತಿಂಗಳಿನಿಂದ ಕೈಮುಗಿದಿಲ್ಲ. ಏಕೆಂದು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಹಳ್ಳಿಮೈಸೂರಿನ ಶಾಲೆಯ ಹಜಾರದಲ್ಲಿ ನೀವು ನನ್ನನ್ನು ಮೊದಲ ಸಲ ಹಾಡಿಸಿದ ಸಂಜೆ ನಿಮಗೆ ನೆನಪಿದೆಯೇ? ಪೌರಾಣಿಕ ನಾಟಕದ ತಾಲೀಮು. ರಾಜರೂ ಋಷಿಗಳೂ ಆಗಬೇಕಿದ್ದ ಊರಿನ ಗಂಡಸರು ಸಾಲಾಗಿ ಕುಳಿತಿದ್ದರು. ಸ್ತ್ರೀಪಾತ್ರಕ್ಕೆಂದು ಹೊರಗಿನಿಂದ ಕರೆಸಿದ ಹತ್ತೊಂಬತ್ತರ ಹುಡುಗಿ ನಾನೊಬ್ಬಳೇ. ನೀವು ಹಾರ್ಮೋನಿಯಂನ ಐದನೆಯ ಕಪ್ಪು ಮನೆಯನ್ನು ಒತ್ತಿ ಹಿಡಿದು, “ಇದು ನಿನ್ನ ಷಡ್ಜ ಕಣಮ್ಮ ಇಂದ್ರಾ. ನಾಟಕ ಕಂಪನಿ ಕಾಲದ ಏರುಶ್ರುತಿ. ಮೈಕು ಕೆಟ್ಟರೂ ಕೊನೇ ಸಾಲಿಗೆ ಕೇಳಿಸಬೇಕು. ಇಳಿಸಿ ಅಂತ ಒಂದು ದಿನ ಕೇಳಿದ್ಯೋ, ಪೆಟ್ಟಿಗೆ ಮುಚ್ಚಿ ಎದ್ದುಹೋಗ್ತೀನಿ,” ಎಂದಿರಿ. ಗಂಡಸರೂ ಆ ಶ್ರುತಿಯನ್ನೇ ಬೇಡುತ್ತಿದ್ದರಲ್ಲವೇ? ಕಪ್ಪು ಐದರಲ್ಲಿ ಹಾಡಿದೆನೆಂದು ಹೇಳಿಕೊಳ್ಳುವುದು ನಮ್ಮ ಕಡೆಯ ಪಾತ್ರಧಾರಿಗೆ ಮೀಸೆ ತಿರುವಿದಷ್ಟೇ ಸುಖ. ನಾನು ಮೀಸೆಯಿಲ್ಲದವಳು, ಆದರೂ ಆ ಸುಖವನ್ನು ನಂಬಿದೆ. ಇಳಿಸಿ ಎಂದು ಕೇಳಲಿಲ್ಲ. ಹದಿನಾರು ವರ್ಷ ಕೇಳಲಿಲ್ಲ.

ಅರಕಲಗೂಡಿನಲ್ಲಿ ಎರಡನೆಯ ಅಂಕದ ನಡುವೆ ನನ್ನ ದನಿ ಒಡೆದಾಗ ನೀವು ನನ್ನ ಮುಖ ನೋಡಲಿಲ್ಲ; ಹಾರ್ಮೋನಿಯಂ ಜೋರು ಮಾಡಿ ಒಡಕನ್ನು ಮುಚ್ಚಿಬಿಟ್ಟಿರಿ. ಆಮೇಲೆ ಬಣ್ಣದ ಕೋಣೆಯಲ್ಲಿ, ಬಣ್ಣ ಒರೆಸಿಕೊಳ್ಳುತ್ತಿದ್ದ ನನ್ನ ಬಳಿ ಬಂದು, “ಸಾಧನೆ ಸಾಲದು ಕಣಮ್ಮ. ಬೆಳಗಿನ ಜಾವ ಇನ್ನೊಂದು ಗಂಟೆ ಕೂಗು,” ಎಂದಿರಿ. ಕೂಗಿದೆ. ನೋಯುತ್ತಿದ್ದ ಗಂಟಲಿನಲ್ಲೇ ವರ್ಷವಿಡೀ ಕೂಗಿದೆ. ಕೊನೆಗೆ ಡಾಕ್ಟರು ಒಳಗೆ ಗಂಟಾಗಿದೆ ಎಂದು ತೋರಿಸಿ ಕೊಯ್ದು ತೆಗೆದರು. ಮಾತು ಉಳಿಯಿತು. ಮೇಲಿನ ಸ್ವರಗಳು... ನಿಮಗೆ ಗೊತ್ತೇ ಇದೆ. ಮೂವತ್ತೈದಕ್ಕೆ ನನ್ನ ಬಣ್ಣ ಮುಗಿಯಿತು. ನನ್ನ ಸಾಧನೆಯೇ ಸಾಲದಾಯಿತೆಂದು ಅವಮಾನಪಟ್ಟು, ಹಾರ್ಮೋನಿಯಂ ಕಲಿತು, ಪಾಠಕ್ಕೆ ಕುಳಿತೆ. ಒಂದು ದಿನವೂ ನಿಮ್ಮನ್ನು ದೂರಲಿಲ್ಲ.

ಸಿಂಚನ ನನ್ನ ಬಳಿಗೆ ಬಂದ ದಿನವನ್ನು ನೀವು ನೋಡಬೇಕಿತ್ತು. ಅರಕಲಗೂಡಿನ ಹುಡುಗಿ, ಹಾಸನದಲ್ಲಿ ಬಿ.ಕಾಂ. ಓದುತ್ತಾಳೆ. “ಮಿಸ್, ನಂಗೆ ಇದೇ ಕೆಲಸ ಆಗ್ಬೇಕು, ಬರೀ ಹವ್ಯಾಸ ಅಲ್ಲ,” ಎಂದು ಬಾಗಿಲಲ್ಲಿ ನಿಂತೇ ಹೇಳಿದಳು. ನೀವು ಕಲಿಸಿದ ಒಳ್ಳೆಯದನ್ನೆಲ್ಲ ಅವಳಿಗೆ ಕೊಟ್ಟೆ: ರಾಗಕ್ಕಿಂತ ಮೊದಲು ಮಾತು ಕೇಳಿಸಲಿ, ಎದುರಿನ ಪಾತ್ರ ಹಾಡುವಾಗ ಸೆರಗು ಸರಿಮಾಡಿಕೊಳ್ಳದೆ ಅದನ್ನು ಕೇಳು, ಚಪ್ಪಾಳೆಗಾಗಿ ಪಲ್ಲವಿಯನ್ನು ಮೂರನೆಯ ಸಲ ಎತ್ತಬೇಡ. ಆ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಪ್ಪು ಐದನ್ನೂ ಕೊಟ್ಟೆ, ಮೇಷ್ಟ್ರೇ. ನನ್ನ ಗಂಟಲು ತಿಂದ ಶ್ರುತಿಯನ್ನು ನನ್ನ ಕೈಯಾರೆ ಇನ್ನೊಂದು ಗಂಟಲಿಗೆ ಇಟ್ಟೆ. ಎರಡನೆಯ ವರ್ಷ ಅವಳ ದನಿ ಗೊರಗೊರ ಎಂದಾಗ ನನ್ನ ಬಾಯಿಂದ ಬಂದದ್ದೇನು ಗೊತ್ತೇ? ಸಾಧನೆ ಸಾಲದು ಕಣಮ್ಮ. ಪುಣ್ಯಕ್ಕೆ ಅವಳ ತಾಯಿ ನನ್ನ ಮಾತು ಕೇಳದೆ ಡಾಕ್ಟರ ಹತ್ತಿರ ಕರೆದೊಯ್ದರು. ಊತವಿದೆ, ಇನ್ನೂ ಗಂಟಾಗಿಲ್ಲ. ಕೆಲವು ವಾರ ಹಾಡಬಾರದು, ಆಮೇಲೂ ದನಿ ಕಿತ್ತು ಹಾಡಿದರೆ ಉಳಿಯುವುದಿಲ್ಲ ಎಂದರಂತೆ.

ನಿಮ್ಮ ಸ್ಮರಣೆಯ ನಾಟಕ ನಿಶ್ಚಯವಾದದ್ದು ಅದೇ ಹೊತ್ತಿಗೆ. ಚನ್ನರಾಯಪಟ್ಟಣದ ರಂಗೇಗೌಡರು, ಅದೇ ನಿಮ್ಮ ಕಾಯಂ ರಾಜಪಾತ್ರಧಾರಿ, ಸಮಿತಿ ಕಟ್ಟಿ, ಮುಖ್ಯ ಸ್ತ್ರೀಪಾತ್ರಕ್ಕೆ ಸಿಂಚನಳನ್ನೂ ಹಾರ್ಮೋನಿಯಂ ಪೆಟ್ಟಿಗೆಗೆ ನನ್ನನ್ನೂ ಒಪ್ಪಿಸಿದ್ದರು. ಅವಳು ಮೌನದಲ್ಲಿದ್ದಾಗಲೇ, ‘ಮೇಷ್ಟ್ರ ಕಪ್ಪು ಐದರಲ್ಲಿ’ ಎಂದು ಕರಪತ್ರ ಅಚ್ಚಾಯಿತು. ನಿಮ್ಮ ಪೆಟ್ಟಿಗೆಯಲ್ಲೇ ನುಡಿಸಬೇಕೆಂದು ಹೊಳೆನರಸೀಪುರದ ನಿಮ್ಮ ಮನೆಗೆ ಹೋದೆ. ನೀವಿದ್ದಾಗ ಅದನ್ನು ಯಾರೂ ಮುಟ್ಟುವಂತಿರಲಿಲ್ಲವಲ್ಲ. ನಿಮ್ಮ ಮಗಳು ಶಾಂತಕ್ಕ ಬಟ್ಟೆ ಸರಿಸಿ ಕೊಟ್ಟರು. ಫೋನಿನಲ್ಲಿ ಕಪ್ಪು ಐದಕ್ಕೆ ತಂಬೂರಿ ಹಾಕಿಕೊಂಡು ಪೆಟ್ಟಿಗೆಯ ಅದೇ ಮನೆಯನ್ನು ಒತ್ತಿದೆ. ಸೇರಲಿಲ್ಲ. ಪೆಟ್ಟಿಗೆ ಕೆಟ್ಟಿರಬೇಕೆಂದುಕೊಂಡು ಬಗ್ಗಿ ನೋಡಿದರೆ, ಕೀಲಿಮಣೆಯನ್ನು ಅಕ್ಕಪಕ್ಕಕ್ಕೆ ಸರಿಸಬಹುದಾದ ಪೆಟ್ಟಿಗೆ ಅದು. ಮಣೆ ಪೂರ್ತಿ ನಾಲ್ಕು ಮನೆ ಸರಿದಿತ್ತು. ಬೆರಳು ಕಪ್ಪು ಐದರ ಮೇಲಿದ್ದರೂ ಹೊರಡುವ ದನಿ ನಾಲ್ಕು ಮನೆ ಕೆಳಗಿನದು.

“ಓ, ಅದಾ?” ಎಂದರು ಶಾಂತಕ್ಕ, ಕಾಫಿ ಲೋಟ ಇಡುತ್ತ. “ಗಂಡಸರು ಹಾಡೋವಾಗ ಅಪ್ಪ ಹಾಗೇ ಎಳೆದುಬಿಡೋರು. ಐದು ಬೇಕು ಅಂತ ಹಟ, ಹಾಡಿದ್ರೆ ಗಂಟಲು ಕಿತ್ತೋಗುತ್ತೆ, ಪಾಪ ಅನ್ನೋರು. ನಿನ್ನ ಹಾಡು ಬಂದಾಗ ಮತ್ತೆ ತಳ್ಳೋರು. ‘ಜನ ಬರೋದೇ ಇಂದ್ರಾಗೆ, ಅವಳ ಗಂಟಲು ತಡೆಯುತ್ತೆ’ ಅಂತ. ನಿಂಗೆ ಗೊತ್ತಿರಲಿಲ್ವೇನೇ?”

ಗೊತ್ತಿರಲಿಲ್ಲ. ನನ್ನ ಕಿವಿಗೆ ಗೊತ್ತಾಗಬೇಕಿತ್ತು; ಭಕ್ತಿ ಕಿವಿಗೆ ಹತ್ತಿ ತುರುಕಿತ್ತು. ಆದರೆ ನಿಮಗೆ ಗೊತ್ತಿತ್ತಲ್ಲ, ಮೇಷ್ಟ್ರೇ! ನೀವು ಅರಿಯದೆ ಮಾಡಿದ ತಪ್ಪಾಗಿದ್ದರೆ ನಾನು ಎಂದೋ ನುಂಗಿಕೊಳ್ಳುತ್ತಿದ್ದೆ. ಗಂಟಲು ಕಿತ್ತುಹೋಗುತ್ತದೆಂದು ಬಲ್ಲ ಕೈಯೇ ಗಂಡಸರಿಗಾಗಿ ಮಣೆಯನ್ನು ಎಳೆಯಿತು, ನನಗಾಗಿ ತಳ್ಳಿತು. ವರ್ಷಕ್ಕೊಂದು ಸಲ ಬಣ್ಣ ಹಚ್ಚಿ ಮರುದಿನ ಹೊಲಕ್ಕೂ ಅಂಗಡಿಗೂ ಹೋಗುವವರ ಗಂಟಲು ಪಾಪ. ಅದರಿಂದಲೇ ಅನ್ನ ತಿನ್ನಬೇಕಾದವಳ ಗಂಟಲು? ಅದು ತಡೆಯುತ್ತದೆಂದು ನಿಮಗೆ ಹೇಳಿದವರು ಯಾರು? ಒಮ್ಮೆಯಾದರೂ ಕೇಳಿದಿರಾ? ಅರಕಲಗೂಡಿನಲ್ಲಿ, ದನಿ ಒಡೆದ ಆ ಗಳಿಗೆಯಲ್ಲಿ, ಬೆರಳಿನಿಂದ ಮಣೆಯನ್ನು ತುಸು ಎಳೆದಿದ್ದರೆ...

ತಾಲೀಮಿನ ದಿನ ನಾನು ಸುಮ್ಮನಿರಲಿಲ್ಲ. ರಂಗೇಗೌಡರ ಎದುರಿಗೇ ಪೆಟ್ಟಿಗೆಯ ಬಟ್ಟೆ ತೆಗೆದು ನಿಮ್ಮ ಗುಟ್ಟನ್ನು ತೋರಿಸಿದೆ.

“ಏನಮ್ಮಾ ಅಂಗಂದ್ರೆ? ನಲವತ್ ವರ್ಸದಿಂದ ಕಪ್ಪು ಐದು ನಂದು. ತಾಲ್ಲೂಕ್ಗೇ ಗೊತ್ತು!” ಎಂದು ಅವರು ಎದ್ದು ನಿಂತರು.

ಮಣೆಯನ್ನು ಸ್ವಸ್ಥಾನಕ್ಕೆ ತಳ್ಳಿ, “ಹಾಡಿ ಗೌಡ್ರೇ,” ಎಂದೆ. ಎರಡನೆಯ ಸಾಲಿನ ಮೇಲಿನ ಸ್ವರಕ್ಕೆ ಏರಿದವರು ಅಲ್ಲೇ ಕೀರಲು ಹೊಡೆದರು. ಹಿಂದೆ ಕುಳಿತ ಮಂತ್ರಿ ಪಾತ್ರದವನು, “ಲೇ, ರಾಜ್ರ ಗಂಟ್ಲಾಗೆ ಕೋಳಿ ಒಕ್ಕಂಬುಡ್ತು ಕಣ್ಲಾ!” ಎಂದ. ಹಜಾರವೆಲ್ಲ ನಕ್ಕಿತು. ಗೌಡರು ನಗಲಿಲ್ಲ, ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಮೆತ್ತಗೆ, “ಅಂಗಾರೆ ಮೇಷ್ಟ್ರು ನನ್ ಗಂಟ್ಲು ಉಳ್ಸವ್ರೆ ಅನ್ನು,” ಎಂದರು. ಆ ಕೃತಜ್ಞತೆಯನ್ನು ಕೇಳಿ ನನಗೆ ಬಂದ ಸಿಟ್ಟು ನಿಮಗೆ ಅರ್ಥವಾಗುತ್ತದೆಯೇ? ಮರುಕ್ಷಣವೇ ಅವರು ಅಂದದ್ದು ಇದು: “ನಮ್ದು ಅಂಗೇ ಎಳ್ದಿರ್ಲಿ, ಯಾರ್ಗೂ ಏಳ್ಬೇಡಿ. ಆ ಮಗೀದು ಮಾತ್ರ ಐದ್ರಲ್ಲೇ ಇರ್ಲಿ. ಜನ ಬರೋದೇ ಅವ್ಳ ಆಡ್ಗೆ. ವಯಸ್ನೋಳು, ತಡ್ಕತಾಳೆ.” ನಿಮ್ಮ ಮಾತು, ಮೇಷ್ಟ್ರೇ! ಆರು ವರ್ಷದ ಹಿಂದೆ ಸತ್ತವರ ಮಾತು, ಹೆಸರೊಂದನ್ನು ಬಿಟ್ಟು ಹೆಚ್ಚುಕಮ್ಮಿ ಹಾಗೆಯೇ. ಆಗುವುದಿಲ್ಲವೆಂದೆ. ಹಾಗಾದರೆ ಬೇರೆ ಹುಡುಗಿಯನ್ನು ಕರೆಸುತ್ತೇವೆಂದರು. ಮೂಲೆಯಲ್ಲಿ ಕುಳಿತಿದ್ದ ಸಿಂಚನ ತನ್ನ ಪಾಠದ ಪುಸ್ತಕ ಮುಚ್ಚಿದಳು. ಅದು ಅವಳ ಮೊದಲ ದೊಡ್ಡ ಪಾತ್ರ; ಒಂದು ವೃತ್ತಿ ರಂಗತಂಡದ ನಿರ್ದೇಶಕಿ ಅವಳನ್ನು ನೋಡಲೆಂದೇ ಬರುವವರಿದ್ದರು. ಕೈಬಿಡು ಎಂದು ನಾನು ಹೇಗೆ ಹೇಳಲಿ? ಹಾಡು ಎಂದು ಹೇಗೆ ಹೇಳಲಿ? “ಯೋಚ್ನೆ ಮಾಡ್ತೀನಿ ಮಿಸ್. ಸದ್ಯ ಪಾತ್ರ ಬಿಡಲ್ಲ,” ಎಂದಷ್ಟೇ ಹೇಳಿ ಅವಳು ಬಸ್ಸು ಹತ್ತಿದಳು.

ಡಾಕ್ಟರು ಹೇಳಿದ ವಾರಗಳು ಮುಗಿದ ಮೇಲೆ, ನಾಟಕದ ಭಾನುವಾರ ಹಾಸನದಲ್ಲಿ ಬೆಳಿಗ್ಗೆ ಹತ್ತಕ್ಕೆ ತೆರೆ ಎದ್ದಿತು. ಈಗ ನಾಟಕಗಳು ಹಗಲಿನಲ್ಲೇ, ಊಟದ ವ್ಯವಸ್ಥೆಯೊಡನೆ. ಗೌಡರು ನಾಲ್ಕು ಮನೆ ಕೆಳಗೆ ಹಾಡಿ ಸಿಳ್ಳೆ ಗಿಟ್ಟಿಸಿದರು. ಸಿಂಚನ ಬಂದು ನಿಂತಳು. “ಮೇಷ್ಟ್ರ ಸ್ರುತಿ ಎತ್ತಮ್ಮೋ! ಕಪ್ಪು ಐದು!” ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ. ಪಕ್ಕದ ಪರದೆಯ ಮರೆಯಿಂದ ಗೌಡರು ನನಗೆ ತಳ್ಳು, ತಳ್ಳು ಎಂದು ಕೈಸನ್ನೆ ಮಾಡುತ್ತಿದ್ದರು. ನನ್ನ ಕೈ ಮಣೆಯ ಅಂಚಿನಲ್ಲಿತ್ತು. ಅವಳು ನನ್ನತ್ತ ತಿರುಗಿ, ಮೈಕಿನಲ್ಲೇ, ಇಡೀ ಸಭೆಗೆ ಕೇಳುವಂತೆ ಹೇಳಿದಳು:

“ಗೌಡ್ರಿಗೆ ಇಟ್ಟ ಜಾಗದಲ್ಲೇ ಇಡಿ ಮಿಸ್. ನಂಗೆ ಬೇರೆ ಮಾಡ್ಬೇಡಿ.”

ಸಭೆಗೆ ಪೂರ್ತಿ ಅರ್ಥವಾಗಲಿಲ್ಲ. ಗೌಡರಿಗೆ ಆಯಿತು, ಅವರು ಪರದೆಯ ಹಿಂದೆ ಸರಿದರು. ನಾನು ಮಣೆಯನ್ನು ಮುಟ್ಟಲಿಲ್ಲ. ಅವಳು ಹಾಡಿದಳು. ಒಂದು ಸಾಲಿಗೂ ಕೂಗಲಿಲ್ಲ. ಮುಂದಿನ ಸಾಲಿನವನು “ಸ್ರುತಿ ಸಾಲ್ದು” ಎಂದು ಗೊಣಗಿಕೊಂಡು ಊಟಕ್ಕೆ ಎದ್ದುಹೋದ. ಹೋಗಲಿ. ಕುಳಿತವರು ಬಹಳ ಮಂದಿಯಿದ್ದರು.

ಮೇಷ್ಟ್ರೇ, ನಿಮ್ಮ ಮೇಲಿನ ಸಿಟ್ಟನ್ನು ಸದ್ಯಕ್ಕೆ ಬಿಡುವ ಉದ್ದೇಶ ನನಗಿಲ್ಲ. ನನ್ನ ಮೇಲಿನದನ್ನೂ ಇಲ್ಲ. ನಿಮ್ಮ ಹೆಸರನ್ನು ಮಕ್ಕಳಿಗೆ ಹೇಳುತ್ತೇನೆ, ನೀವು ಕಲಿಸಿದ್ದನ್ನೂ ಮಾಡಿದ್ದನ್ನೂ ಒಟ್ಟಿಗೇ ಹೇಳುತ್ತೇನೆ. ನೋವು ಸಾಧನೆಯಲ್ಲ, ಇಳಿಸಿ ಎಂದು ಕೇಳುವುದು ಸೋಲಲ್ಲ ಎಂಬುದೇ ಇನ್ನು ಮುಂದೆ ನಮ್ಮ ಮನೆಯ ಮೊದಲ ಪಾಠ. ಇಷ್ಟರ ಜೊತೆಗೆ ಒಂದು ಸುದ್ದಿ ಉಳಿದಿದೆ. ಕಳೆದ ವಾರ ಆ ರಂಗತಂಡದವರು ಸಿಂಚನಳನ್ನು ಸಂದರ್ಶನಕ್ಕೆ ಕರೆದಿದ್ದರು; ನಾನು ಹೊರಗಿನ ಬೆಂಚಿನಲ್ಲಿದ್ದೆ, ಬಾಗಿಲು ತೆರೆದಿತ್ತು. “ನಿಮ್ಮ ಶ್ರುತಿ ಯಾವುದು?” ಎಂದು ನಿರ್ದೇಶಕಿ ಕೇಳಿದರು. ಅವಳು ತಡವರಿಸದೆ ಹಾರ್ಮೋನಿಯಂನ ಒಂದು ಮನೆಯ ಹೆಸರು ಹೇಳಿದಳು. ಅದು ನಿಮ್ಮ ಐದಲ್ಲ, ನಾಟಕದ ದಿನ ಹಾಡಿದ್ದೂ ಅಲ್ಲ. ನಾನು ಹೇಳಿಕೊಟ್ಟದ್ದೂ ಅಲ್ಲ, ಮೇಷ್ಟ್ರೇ. ಅವಳೇ ಹುಡುಕಿಕೊಂಡದ್ದು.

ಇಂದ್ರಾ