ಕಿಟಕಿ ಪಕ್ಕದ ಕುರ್ಚಿ

೧೮ ಜೂನ್, ಬುಧವಾರ. ಮಧುರವಾಡ.

ಇವತ್ತು ನಾನು ಬಾಯಿ ಬಿಡಲಿಲ್ಲ.

ಕಟ್ಟಡಗಳ ಖರ್ಚು ಅಂದಾಜು ಮಾಡುವ ನಮ್ಮ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ರಾಮ್‌ಪ್ರಸಾದ್ ಗಾರು. ಈಗಲೂ ನಕ್ಷೆಯ ಮೇಲೆ ಸ್ಕೇಲಿಟ್ಟೇ ಅಳೆಯುತ್ತಾರೆ. ವಿಜಯವಾಡದ ಕಟ್ಟಡಕ್ಕೆ ನಾನು ಕಂಪ್ಯೂಟರಿನಲ್ಲಿ ಮಾಡಿದ ಮಾಡೆಲ್, ಬೀಮು ಸ್ಲ್ಯಾಬು ಸೇರುವಲ್ಲೆಲ್ಲ ಕಾಂಕ್ರೀಟನ್ನು ಎರಡೆರಡು ಸಲ ಎಣಿಸಿತ್ತು. ನಿನ್ನೆ ಅದನ್ನು ಹಿಡಿದು, ಯಾರಿಗೂ ಕೇಳಿಸದಂತೆ ನನಗೆ ಹೇಳಿದರು. ತಿದ್ದಿಕೊಂಡೆ.

ಇವತ್ತು ಮೀಟಿಂಗಿನಲ್ಲಿ ಅವರು ಕೈಯಲ್ಲಿ ಅಳೆದ ಲೆಕ್ಕವೂ ನನ್ನ ತಿದ್ದಿದ ಮಾಡೆಲಿನ ಲೆಕ್ಕವೂ ತಾಳೆಯಾಯಿತು. ಬಾಸ್ ಜಗನ್ಮೋಹನ್ ನಕ್ಕರು. “ಈಯಮ್ಮನ ಮಾಡೆಲ್ ಅರ್ಧ ಗಂಟೇಲಿ ಹೇಳಿದ್ದನ್ನೇ ಹನ್ನೊಂದು ದಿನ ಅಳೆದ್ರಾ ಗುರುಗಾರು? ಇನ್ನು ಮನೇಲಿ ಕೂತು ಮೊಮ್ಮಕ್ಕಳ ಎತ್ತರ ಅಳೀರಿ.”

ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ.

ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸುತ್ತಾರೆ. ಸಂಜೆ ಹೊರಡುವಾಗ ರಾಮ್‌ಪ್ರಸಾದ್ ಗಾರು ಕೇಳಿದರು: “ಪಾಪಕಿ ಜ್ವರಂ ತಗ್ಗಿಂದಾ ಅಮ್ಮಾ?” ಆಮೇಲೆ, ಕಿಟಕಿ ಪಕ್ಕದ ತಮ್ಮ ಕುರ್ಚಿ ತೆಗೆದುಕೋ, ಗಾಳಿ ಬರುತ್ತದೆ ಎಂದರು.

ಮಗಳು ಜಾಹ್ನವಿಯ ಜ್ವರ ಇಳಿದಿದೆ, ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ನನಗೆ ನಿದ್ದೆಯಿಲ್ಲ. ಕುರ್ಚಿ ಎಂದಾಗ ಮೊದಲು ಖುಷಿಯಾಯಿತು. ಮಾಡೆಲ್ ಇನ್ನೊಮ್ಮೆ ತಪ್ಪಿದರೆ ಮೆಲ್ಲಗೆ ಹೇಳುವವರು ಯಾರು ಎಂದು ಆಮೇಲೆ ಭಯವಾಯಿತು. ಅವರಿಗಾಗಿ ಮಾತ್ರ ಇನ್ನೂ ಏನೂ ಅನ್ನಿಸಿಲ್ಲ.